ಅತ್ತೆಯ ಹಾಡು ಮತ್ತು ಮನೆಯ ಟೇಪು

ನಮ್ಮ ಮನೆಗೆ ಟೇಪ್‌ರೆಕಾರ್ಡರ್ ಬಂದದ್ದು 1986ರ ಯುಗಾದಿಯ ಮುಂದೆ. ತಂಬಾಕಿನ ದುಡ್ಡು ಕೈಗೆ ಬಂದಿತ್ತು. ನಿಪ್ಪಾಣಿಗೆ ಹೋದ ನಮ್ಮ ಮನೆಯವರು ನನಗೊಂದು ಸೀರೆ ತರುತ್ತಾರೆಂದು ನಾನು ಕಾದಿದ್ದರೆ, ಅವರು ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ ಅವುಚಿಕೊಂಡು ಬಸ್ಸಿನಿಂದ ಇಳಿದರು. ಸೀರೆ ಬರಲಿಲ್ಲವೆಂಬ ಸಿಟ್ಟು ಎರಡು ದಿನ ಇತ್ತು. ಮೂರನೆಯ ದಿನ ಆ ಪೆಟ್ಟಿಗೆಯ ಕೆಂಪು ಗುಂಡಿ ಒತ್ತಿದರೆ ನಮ್ಮ ಮಾತು ನಮಗೇ ಕೇಳುತ್ತದೆಂದು ತಿಳಿದ ಮೇಲೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ನಮ್ಮ ಅತ್ತೆಯ ತವರು ಕಾಗವಾಡದ ಕಡೆ. ಅಲ್ಲಿಂದ ಮಿರಜ ಕೂಗಳತೆ ಎನ್ನಬೇಕು. ಹೀಗಾಗಿ ಅವರ ಬಾಯಲ್ಲಿ ಕನ್ನಡದ ತ್ರಿಪದಿಯೂ ಇತ್ತು, ಮರಾಠಿಯ ಓವಿಯೂ ಇತ್ತು. ಒಂದು ಸೇರು ಜೋಳ ಬೀಸುವುದರೊಳಗೆ ಎರಡೂ ಭಾಷೆಯಲ್ಲಿ ತವರಿಗೆ ಹೋಗಿ ಬರುತ್ತಿದ್ದರು. ಆದರೆ ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಹಿತ್ತಲು ಸೇರಿತು. ಕಲ್ಲಿನ ಸಂಗಡ ಹಾಡೂ ಹಿತ್ತಲು ಸೇರಿತು. ರಟ್ಟೆಯ ನೋವು ಹೋಯಿತಲ್ಲ ಎಂದು ನಾವೆಲ್ಲ ಸಂತೋಷಪಟ್ಟೆವು. ಅದು ಸುಳ್ಳಲ್ಲ. ಆದರೆ ಅದರೊಂದಿಗೆ ಇನ್ನೇನು ಹೋಯಿತೆಂದು ಲೆಕ್ಕ ಹಾಕಲಿಲ್ಲ.

ಮಾರನೆಯ ವರ್ಷ ಒಂದು ಮಧ್ಯಾಹ್ನ ಅತ್ತೆಯನ್ನು ಕೂಡ್ರಿಸಿ ಹಾಡಲು ಹೇಳಿದೆ. "ಕಲ್ಲಿಲ್ಲದ ಹಾಡು ಬರೂದಿಲ್ಲ ನನಗ" ಅಂದರು. ಹಿತ್ತಲಿನಿಂದ ಕಲ್ಲು ತಂದೆವು. ಕಲ್ಲು ತಿರುಗಿತು, ಹಾಡೂ ಬಂತು. ಮರಳಿ ಕೇಳಿದರೆ ಬರೀ ಗುಡುಗು! ಯಂತ್ರವನ್ನು ನೆಲದ ಮೇಲಿಟ್ಟಿದ್ದೆ. ಕಲ್ಲಿನ ಅದುರು ನೆಲದ ಮೂಲಕವೇ ಹಾಯ್ದು ಅದರ ಮೈಕಿಗೆ ತಾಗಿತ್ತು. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲೆ ಹಾಸಿ ಅದರ ಮೇಲೆ ಯಂತ್ರ ಇಟ್ಟು, ಅತ್ತೆಯ ಮುಖದ ಹತ್ತಿರ ಸರಿಸಿದೆ. ಕಲ್ಲಿಗೆ ಕಾಳು ಹಾಕದೆ ಮೆಲ್ಲಗೆ ತಿರುಗಿಸಿರೆಂದೆ. ಆಗ ಹಾಡು ಮೇಲೆ ಬಂತು, ಕಲ್ಲು ಕೆಳಗೆ ಉಳಿಯಿತು. ಧ್ವನಿಮುದ್ರಣದ ನನ್ನ ಮೊದಲ ಪಾಠ ಅದು. ಕಲಿಸಿದ್ದು ಒಂದು ಹಳೆಯ ಕೌದಿ.

ಕೊನೆಗೆ, "ಅತ್ತೆ, ನಿಮ್ಮ ಹೆಸರು, ಊರು ಹೇಳಿರಿ" ಅಂದೆ. ಅವರು ನಾಚಿ ಸೆರಗು ಬಾಯಿಗಿಟ್ಟುಕೊಂಡು, "ಹಾಡಿಗೆ ನನ್ನ ಹೆಸರ್ಯಾಕ ಬೇಕವ್ವ? ಅದು ನಮ್ಮವ್ವಂದು" ಅಂದುಬಿಟ್ಟರು.

ಈ ಮಾತು ಬಹಳ ವರ್ಷಗಳ ನಂತರ, ಗೌಹರ್ ಜಾನ್ ಅವರ ಕಥೆ ಓದುವಾಗ ನೆನಪಾಯಿತು. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಅವರ ಹಾಡು ಮುದ್ರಿಸಿಕೊಂಡ. ಆಗ ಮೈಕು ಎಂಬುದಿಲ್ಲ. ದೊಡ್ಡ ಕೊಳವೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು, ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಾರೆ. ಅದು ಜಂಬವಲ್ಲ. ತಟ್ಟೆ ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಕಾರಣ ಏನೇ ಇರಲಿ, ಆ ಹೆಸರು ನೂರಿಪ್ಪತ್ತು ವರ್ಷ ದಾಟಿ ನಮ್ಮ ಕಿವಿಗೆ ಬಂದಿದೆ.

1925ರ ಸುಮಾರಿಗೆ ವಿದ್ಯುತ್ ಮೈಕು ಬಂದು, ಪಿಸುಮಾತಿಗೂ ತಟ್ಟೆಯಲ್ಲಿ ಜಾಗ ಸಿಕ್ಕಿತು. ಮಿರಜದಲ್ಲಿ ನೆಲೆ ನಿಂತ ಅಬ್ದುಲ್ ಕರೀಮ್ ಖಾನರ ತಟ್ಟೆಗಳು, ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ, ಅಮೀರಬಾಯಿ ಕರ್ನಾಟಕಿಯರ ದನಿ, ಇವೆಲ್ಲ ನಮ್ಮ ಸೀಮೆಗೆ ಬಂದದ್ದು ಗ್ರಾಮಫೋನಿನಿಂದ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳ ಮೇಲೆ ಇದ್ದದ್ದು 'ಗಾಂಧಾರಿ' ಎಂಬ ಹೆಸರು. ಹಾಡುವ ಹೆಣ್ಣು ಹೆಸರು ಹೇಳುವುದು, ಹೆಸರು ಬದಲಿಸುವುದು, ಹೆಸರೇ ಬೇಡವೆನ್ನುವುದು — ಈ ಮೂರರೊಳಗೆ ಒಂದು ಕಾಲದ ಇತಿಹಾಸವೇ ಇದೆ ಅನಿಸುತ್ತದೆ ನನಗೆ.

ಆದರೆ ಅವರೆಲ್ಲ ಕಲಾವಿದೆಯರು. ಬೀಸುವ ಕಲ್ಲಿನ ಮುಂದಿನ ಹೆಣ್ಣುಮಗಳನ್ನು ಯಾವ ಕಂಪನಿ ಕರೆದೀತು? ಆಕೆಯ ಹಾಡನ್ನು ಉಳಿಸಿದ್ದು ಪೆನ್ನು, ಕಾಗದ. ಇಂಡಿ ಸೀಮೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಅವರ ಉಪಕಾರ ದೊಡ್ಡದು. ಆದರೆ ಕಾಗದಕ್ಕೆ ದನಿ ಬರುವುದಿಲ್ಲ. ದನಿಯನ್ನು ಅಡಿಗೆಮನೆಯೊಳಗೇ ಹಿಡಿಯುವಂತೆ ಮಾಡಿದ್ದು ಕ್ಯಾಸೆಟ್ಟು. 1963ರಲ್ಲಿ ಫಿಲಿಪ್ಸ್ ಕಂಪನಿ ತೋರಿಸಿದ ಈ ಪುಟ್ಟ ಡಬ್ಬಿ 1980ರ ದಶಕದಲ್ಲಿ ನಮ್ಮ ಜಾತ್ರೆ, ಬಸ್‌ಸ್ಟ್ಯಾಂಡು, ಚಹಾದಂಗಡಿಗಳನ್ನೆಲ್ಲ ಹೊಕ್ಕಿತು. ಕೇಳುವ ಯಂತ್ರವೇ ಮುದ್ರಿಸುವ ಯಂತ್ರವೂ ಆದದ್ದು ಅದರ ದೊಡ್ಡ ಗುಣ.

ದೊಡ್ಡ ದೋಷವೂ ಅದೇ. ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಕೆಂಪು ಗುಂಡಿ ಕೂಡುವುದಿಲ್ಲ, ಹಾಡು ಅಳಿಯುವುದಿಲ್ಲ. ನನಗೆ ಅದು ತಿಳಿದಿತ್ತು. ಹೊಸ ಕ್ಯಾಸೆಟ್ಟು ಮುರಿಯಲು ಮನಸ್ಸಾಗಲಿಲ್ಲ. 1992ರಲ್ಲಿ ಮಗ ರೇಡಿಯೋದ ಸಿನಿಮಾ ಹಾಡುಗಳನ್ನು ಅದರ ಮೇಲೆ ತುಂಬಿಕೊಂಡ. ಹನ್ನೆರಡು ವರ್ಷದ ಹುಡುಗನಿಗೆ ಏನೆನ್ನಲಿ? ತಪ್ಪು ಹಲ್ಲು ಮುರಿಯದ ನನ್ನದು. ಅತ್ತೆ ನಕ್ಕು, "ಇನ್ನೊಮ್ಮೆ ಹಾಡ್ತೀನಿ ತಗಿ" ಅಂದರು. ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ ಎಂದು ನಾನೇ ಮುಂದೂಡಿದೆ. 1994ರ ಶ್ರಾವಣದಲ್ಲಿ ಅವರು ಹೋದರು.

ಎರಡನೇ ಬದಿಯ ತುದಿಯಲ್ಲಿ ನಾಲ್ಕು ನಿಮಿಷ ಮಾತ್ರ ಉಳಿದಿತ್ತು. ಅದರಲ್ಲಿ ಅತ್ತೆಯ ದನಿ ಎಳೆ ಹುಡುಗಿಯ ಹಾಗಿದೆ. ಆ ಹೊತ್ತಿಗೆ ಕರೆಂಟು ಹೋಗಿ ಸೆಲ್ಲಿನ ಮೇಲೆ ನಡೆಸಿದ್ದೆವು. ಸೆಲ್ಲು ಸೋತು ಟೇಪು ನಿಧಾನ ಓಡಿತ್ತು. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಬಿಟ್ಟರೆ ದನಿ ಏರುತ್ತದೆ.

ಪುಣೆಯಲ್ಲಿ ಹೇಮಾ ರೈರ್ಕರ್ ಮತ್ತು ಗೀ ಪ್ವಾತೆವಾ ಅವರ ಬಳಗ 1980ರ ದಶಕದಿಂದ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಬೀಸುವ ಕಲ್ಲಿನ ಹಾಡು ಕೂಡಿಸಿದ್ದನ್ನು ಆಮೇಲೆ ಓದಿದೆ. ಒಂದು ಲಕ್ಷಕ್ಕೂ ಹೆಚ್ಚು ಹಾಡು! ಬಹಳಷ್ಟು ಹಾಡುಗಳ ಜೊತೆಗೆ ಹಾಡಿದವಳ ಹೆಸರು, ಊರು ಬರೆದಿಟ್ಟಿದ್ದಾರೆ. ಓದಿ ಸಂತೋಷಪಟ್ಟೆ, ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಈಗ ಮೊಮ್ಮಗಳು ಚಿಕ್ಕೋಡಿಯಲ್ಲಿ ಹಿಂದುಸ್ತಾನಿ ಕಲಿಯುತ್ತಾಳೆ. ಮನೆಯಲ್ಲೇ ಹಾಡು ಮುದ್ರಿಸುವ ಆಸೆ. ತರಬೇಕಾದ ಸಾಮಾನಿನ ಪಟ್ಟಿ ತೋರಿಸಿದಳು. ಅದರ ಬೆಲೆಗೆ ಒಂದು ಎಮ್ಮೆ ಬರುತ್ತಿತ್ತು. ಇಬ್ಬರೂ ಕೂತು ಪಟ್ಟಿ ಸಣ್ಣದು ಮಾಡಿದೆವು. ನಿಮ್ಮ ಮನೆಯಲ್ಲೂ ಹಾಡುವ ಮಕ್ಕಳಿದ್ದಾರು, ಅದಕ್ಕೇ ಹೇಳುತ್ತೇನೆ.

ಮೊದಲು ಕೋಣೆ, ಆಮೇಲೆ ಸಾಮಾನು. ಬರಿಗೋಡೆಯ ಕೋಣೆಯಲ್ಲಿ ದನಿ ಮರುಗುಡುತ್ತದೆ. ಎರಡು ಗೋಡೆಗೆ ಕೌದಿ ತೂಗುಹಾಕಿ, ಫ್ಯಾನು ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಎರಡನೆಯದು ಮೈಕು. ಕಂಡೆನ್ಸರ್ ಮೈಕು ಸೂಕ್ಷ್ಮ, ಓಣಿಯ ನಾಯಿಯ ಬೊಗಳನ್ನೂ ಹಿಡಿಯುತ್ತದೆ. ಡೈನಾಮಿಕ್ ಮೈಕು ಹತ್ತಿರದ ದನಿಯನ್ನೇ ಹೆಚ್ಚು ಹಿಡಿಯುತ್ತದೆ, ಪೇಟೆಯ ಗದ್ದಲದ ಮನೆಗೆ ಅದೇ ಲೇಸು. ಕಂಪ್ಯೂಟರಿಗೆ ನೇರ ಚುಚ್ಚುವ ಯುಎಸ್‌ಬಿ ಮೈಕು ಕೊಂಡರೆ ನಡುವೆ ಬೇರೆ ಪೆಟ್ಟಿಗೆ ಬೇಡ. ಮುಂದೆ ಹಾರ್ಮೋನಿಯಂ, ತಬಲಾಕ್ಕೂ ಬೇರೆ ಮೈಕು ಬೇಕಾದರೆ ಮಾತ್ರ ಎರಡು ಮೈಕು ಹಿಡಿಯುವ ಆಡಿಯೋ ಇಂಟರ್‌ಫೇಸ್ ಕೊಳ್ಳಬಹುದು. ದನಿ ಕತ್ತರಿಸಿ ಜೋಡಿಸಲು 2000ದಿಂದ ಆಡಾಸಿಟಿ ಎಂಬ ತಂತ್ರಾಂಶ ಬಿಟ್ಟಿ ಸಿಗುತ್ತದೆ. ಬಾಯಿಂದ ಒಂದು ಗೇಣು ದೂರದಲ್ಲಿ, ಉಸಿರು ಹೊಡೆಯದಂತೆ ತುಸು ಓರೆಯಾಗಿ ಮೈಕು ಇಡಬೇಕು. ಏನೂ ಕೊಳ್ಳಲಾಗದಿದ್ದರೆ ಕೈಯಲ್ಲಿರುವ ಫೋನೇ ಸಾಕು. ಸಾಮಾನು ಬರಲೆಂದು ಹಾಡನ್ನು ಕಾಯಿಸಬೇಡಿ. ನಾನು ಕಾಯಿಸಿ ಕೆಟ್ಟೆ.

ಇಂದಿನ ಫೈಲಿಗೆ ಮುರಿಯುವ ಹಲ್ಲಿಲ್ಲ. ಅದಕ್ಕೆ ಮೂಲ ಮುದ್ರಣವನ್ನು ವೇವ್ ಫೈಲಿನಲ್ಲೇ ಇಟ್ಟುಕೊಂಡು, ಎರಡು ನಕಲು ಬೇರೆ ಬೇರೆ ಕಡೆ ಇಡಬೇಕು, ಒಂದು ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ನಿಮಿಷಕ್ಕೆ ಸುಮಾರು ಹತ್ತು ಎಂಬಿ ಜಾಗ ಹಿಡಿಯುತ್ತದೆ, ಹಿಡಿಯಲಿ.

ಮೊಮ್ಮಗಳು ಆ ನಾಲ್ಕು ನಿಮಿಷವನ್ನು ಕಂಪ್ಯೂಟರಿಗೆ ಇಳಿಸಿ ವೇಗ ಸರಿಮಾಡಿದಳು. ಮೂವತ್ತು ವರ್ಷದ ಮೇಲೆ ಅತ್ತೆಯ ಸ್ವಂತ ದನಿ, ಆ ಒಡಕು, ಆ ಏದುಸಿರು, ಕೋಣೆಯಲ್ಲಿ ಕೇಳಿತು. ಮಗ ಎದ್ದು ಹೊರಗೆ ಹೋದ. ಎಳೆದನಿಯ ಫೈಲನ್ನೂ ಅಳಿಸಬೇಡವೆಂದೆ, ಎರಡೂ ಇರಲಿ.

ಆಮೇಲೆ ಅವಳು ತನ್ನ ಹಾಡು ಶುರು ಮಾಡುವ ಮೊದಲು, ನಾನು ಹೇಳಿಕೊಟ್ಟಂತೆ, ಮೈಕಿನ ಮುಂದೆ ತನ್ನ ಹೆಸರು, ಊರು, ತಾರೀಖು ಹೇಳಿದಳು. ಅತ್ತೆಯ ಫೈಲಿಗೆ ಮಾತ್ರ ಹೆಸರು ಹೇಳುವವರಿಲ್ಲ. ನಾನೇ ಮೈಕಿನ ಮುಂದೆ ಕೂತು ಅವರ ಹೆಸರು ಹೇಳಿದೆ, ತವರೂರು ಹೇಳಿದೆ. ಅವರವ್ವನ ಹೆಸರನ್ನೂ ಹೇಳಿದೆ.