ಅಗ್ಗದ ವೇಗದ ಚರಿತ್ರೆ
ಅಮೆರಿಕದ ಹಳೆಯ ಮಸಲ್ ಕಾರುಗಳಿಗೆ (ಸಾಮಾನ್ಯ ಕಾರಿಗೆ ದೊಡ್ಡ ಇಂಜಿನ್ ಕೂರಿಸಿದವು) ಇವತ್ತು ಹರಾಜಿನಲ್ಲಿ ಏಳುವ ಬೆಲೆ ನೋಡಿದರೆ, ಅವು ಹುಟ್ಟಿದ್ದೇ ಶ್ರೀಮಂತರ ಶೋಕಿಗಾಗಿ ಎನಿಸುತ್ತದೆ. ಇಂಜಿನ್ನಿನ ನಂಬರು ಕಾರಿನ ನಂಬರಿಗೆ ತಾಳೆಯಾಗಬೇಕು, ಬಣ್ಣ ಕಾರ್ಖಾನೆಯದ್ದೇ ಇರಬೇಕು, ಒಂದು ಬಿಡಿಭಾಗ ಬದಲಾದರೂ ಕಾರು ಕೆಟ್ಟಿತು ಎನ್ನುವ ಮಡಿವಂತಿಕೆ ಇವುಗಳ ಸಂಗ್ರಾಹಕರಲ್ಲಿ ಬೆಳೆದಿದೆ. ಗುಜರಿಯಿಂದ ಸಾಮಾನು ತಂದು ಕೈಲಾದಷ್ಟರಲ್ಲಿ ಹಳೆಯ ಕಾರನ್ನು ಎಬ್ಬಿಸಿ ನಿಲ್ಲಿಸುವವನು ಇವರ ಕಣ್ಣಿಗೆ ಅಪರಾಧಿ. ಆದರೆ ಚರಿತ್ರೆ ಅವನ ಕಡೆಗಿದೆ.

1932ರಲ್ಲಿ ಫೋರ್ಡ್ ಕಂಪನಿ 65 ಅಶ್ವಶಕ್ತಿಯ ವಿ-8 ಇಂಜಿನನ್ನು ಸಾಮಾನ್ಯರ ಕೈಗೆಟಕುವ ಕಾರಿನಲ್ಲಿ ಕೊಟ್ಟಿತು. ಆ ಕಾರುಗಳು ಹಳತಾಗಿ ಅಗ್ಗವಾದಾಗ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮಡ್‌ಗಾರ್ಡು ಬಿಚ್ಚಿ ತೂಕ ಇಳಿಸಿದರು, ಇಂಜಿನ್ ತಿದ್ದಿದರು, ಮುರಾಕ್‌ನಂಥ ಬತ್ತಿದ ಕೆರೆಗಳ ಅಂಗಳದಲ್ಲಿ ಓಡಿಸಿ ನೋಡಿದರು. ಡೆಟ್ರಾಯಿಟಿನ ಕಂಪನಿಗಳು ಮುಂದೆ ಮಾಡಿದ್ದೂ ಇದನ್ನೇ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚು ಮೀರಿದ ಇಂಜಿನ್ ಕೂಡದು ಎಂಬುದು ಆಗ ಜನರಲ್ ಮೋಟಾರ್ಸ್‌ನ ಕಟ್ಟಳೆಯಾಗಿತ್ತು. 1964ರಲ್ಲಿ ಪಾಂಟಿಯಾಕ್‌ನ ಜಾನ್ ಡಿಲೋರಿಯನ್ ಬಳಗ ಟೆಂಪೆಸ್ಟ್ ಕಾರಿನೊಳಗೆ 389 ಘನ ಇಂಚಿನದನ್ನು ಕೂರಿಸಿ, ಬೇಕಾದವರಿಗೆ ಕೊಡುವ ಹೆಚ್ಚುವರಿ ಸೌಲಭ್ಯ ಎಂದು ಕರೆದು ನುಣುಚಿಕೊಂಡಿತು. ಅದೇ ಜಿಟಿಒ. 1968ರ ಪ್ಲಿಮತ್ ರೋಡ್ ರನ್ನರ್ ಇನ್ನೂ ನೇರ: ಮುಂದೆ ಉದ್ದನೆಯ ಬೆಂಚ್ ಸೀಟು, ನೆಲಕ್ಕೆ ಕಾರ್ಪೆಟ್ ಬದಲು ರಬ್ಬರ್ ಹಾಸು, ಬಾನೆಟ್ ಎತ್ತಿದರೆ 335 ಅಶ್ವಶಕ್ತಿ. ಬೆಲೆ ಶುರುವಾಗುತ್ತಿದ್ದುದು 3,000 ಡಾಲರಿನೊಳಗೆ. ಕಾರ್ಪೆಟ್ಟಿಗಿಲ್ಲದ ದುಡ್ಡು ಅದೇ ಹೆಸರಿನ ಕಾರ್ಟೂನ್ ಹಕ್ಕಿಯಂತೆ ಕೂಗುವ ಹಾರ್ನಿಗೆ ಮಾತ್ರ ಇತ್ತು!

ಮೂಲ ರೂಪ ಅಳಿದರೆ ಚರಿತ್ರೆಯೇ ಅಳಿದಂತಲ್ಲವೇ ಎಂದು ಕೇಳಬಹುದು. 426 ಘನ ಇಂಚಿನ ಹೆಮಿ ಇಂಜಿನ್ನಿನ ರೋಡ್ ರನ್ನರ್‌ನಂಥ ವಿರಳ ಕಾರುಗಳ ಮಟ್ಟಿಗೆ ಈ ಮಾತನ್ನು ಒಪ್ಪುತ್ತೇನೆ, ಅವನ್ನು ಮುಟ್ಟಬಾರದು. ಆದರೆ ಲಕ್ಷಗಟ್ಟಲೆ ತಯಾರಾದ ಮಸ್ಟ್ಯಾಂಗ್, ಕಮಾರೋ, ನೋವಾಗಳ ಕತೆ ಬೇರೆ. ಷೆವರ್ಲೆ 1955ರಲ್ಲಿ ತಂದ ಸಣ್ಣ ವಿ-8 ವಿನ್ಯಾಸ ದಶಕಗಳ ಕಾಲ ಹೆಚ್ಚು ಬದಲಾಗದೆ ನಡೆಯಿತು. ಆದ್ದರಿಂದ ಅದೇ ಕಂಪನಿಯ ಮುದಿ ಪಿಕಪ್ಪಿನಿಂದ ಕಳಚಿದ 350 ಘನ ಇಂಚಿನ ಇಂಜಿನ್ ಕಮಾರೋಗೆ ದೊಡ್ಡ ತಕರಾರಿಲ್ಲದೆ ಕೂರುತ್ತದೆ. ಆ ಕಾರುಗಳು ತುಕ್ಕಿಗೆ ಬಲಿಯಾಗದೆ ಉಳಿದದ್ದರಲ್ಲಿ ಇಂಥ ಜೋಡಣೆಯ ಪಾಲು ದೊಡ್ಡದು. ಇನ್ನು ಬ್ರೇಕು. 1965ರ ಮಸ್ಟ್ಯಾಂಗಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಮಾಮೂಲು. ಮುಂದಿನ ಡಿಸ್ಕ್ ಬೇಕೆಂದರೆ ಹೆಚ್ಚು ತೆರಬೇಕಿತ್ತು. ಡ್ರಮ್ ಕಾದರೆ ಹಿಡಿತ ಸಡಿಲಾಗುತ್ತದೆ, ಪ್ರಾಣಕ್ಕೆ ಸಂಚಕಾರ. ಇದನ್ನೂ ಮೂಲದಂತೆ ಉಳಿಸಬೇಕೆನ್ನುವುದು ಹಠವಷ್ಟೇ. ಬಿಚ್ಚಿದ ಹಳೆಯ ಭಾಗಗಳನ್ನು ಎಣ್ಣೆ ಸವರಿ ಎತ್ತಿಡಿ, ಮುಂದಿನ ಮಾಲೀಕನಿಗೆ ಬೇಕಾದೀತು. ಕಾಸು ಕಡಿಮೆಯಿದ್ದರೆ ಮೊದಲು ಬ್ರೇಕು, ಆಮೇಲೆ ತುಕ್ಕು. ಬಣ್ಣದ ಮಾತು ಕೊನೆಗೆ ಸಾಕು.