ಪಹಣಿ ಗಣಕೀಕರಣದಲ್ಲಿ ಹೊರಗುತ್ತಿಗೆಯ ಪಾಲು: ದಾವಣಗೆರೆ ಜಿಲ್ಲೆಯ ದಾಖಲೆ ಓದುವವರಿಗೆ ಒಂದು ಟಿಪ್ಪಣಿ

1. ಭೂಮಿ

ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯನ್ನು ಇಡಿಯಾಗಿ ಖಾಸಗಿಯವರಿಗೆ ಕೊಡಲಾಯಿತು ಎನ್ನುವುದು ಸಡಿಲ ಮಾತು. ತಂತ್ರಾಂಶ ಸಿದ್ಧಪಡಿಸಿದ್ದು ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ). ಹೊರಗೆ ಹೋದದ್ದು ಮುಖ್ಯವಾಗಿ ದತ್ತಾಂಶ ನಮೂದು: ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ. ನಮೂದನ್ನು ಕೈಬರಹದ ಮೂಲದೊಂದಿಗೆ ತಾಳೆ ನೋಡುವ ಹೊಣೆ ಕಂದಾಯ ಸಿಬ್ಬಂದಿಯದೇ ಆಗಿತ್ತು. ಹಾಗಾಗಿ ಈಗಿನ ಪಹಣಿಯಲ್ಲಿ ಹೆಸರೋ ವಿಸ್ತೀರ್ಣವೋ ತಪ್ಪಿದ್ದರೆ ಅದು ಗುತ್ತಿಗೆದಾರರ ಬೆರಳಚ್ಚಿನ ದೋಷವೆಂದು ಮೂಲ ಪುಸ್ತಕ ನೋಡದೆ ಹೇಳಲಾಗದು. ಹಳೆಯ ತಪ್ಪೇ ಹಾಗೆಯೇ ನಕಲಾಗಿರಲೂಬಹುದು.

2. ನೆಮ್ಮದಿ

2006ರ ಸುಮಾರಿಗೆ ಆರಂಭವಾದ, ಪಹಣಿ ಮತ್ತು ಪ್ರಮಾಣಪತ್ರ ನೀಡುವ ಕೇಂದ್ರಗಳ ಯೋಜನೆಯಾದ ನೆಮ್ಮದಿಯಲ್ಲಿ ಗುತ್ತಿಗೆಯ ಸ್ವರೂಪವೇ ಬೇರೆ. ಕೊಮ್ಯಾಟ್ ಟೆಕ್ನಾಲಜೀಸ್, 3ಐ ಇನ್ಫೋಟೆಕ್, ಎನ್-ಲಾಗ್ ಸೇರಿದ ಒಕ್ಕೂಟಕ್ಕೆ ಒಪ್ಪಿಸಿದ್ದು ಹೋಬಳಿ ಮಟ್ಟದ ಕೌಂಟರು: ಅರ್ಜಿ ಸ್ವೀಕಾರ, ಶುಲ್ಕ ವಸೂಲಿ, ಮುದ್ರಣ. ಪ್ರಮಾಣಪತ್ರ ಮಂಜೂರು ಮಾಡುವ ಅಧಿಕಾರ ತಾಲ್ಲೂಕು ಕಚೇರಿಯಲ್ಲೇ ಉಳಿಯಿತು. 2012ರ ಡಿಸೆಂಬರ್‌ನಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದ ಮೇಲೆ ಕೌಂಟರೂ ನಾಡಕಚೇರಿಗೆ ಮರಳಿತು.

ನೆಮ್ಮದಿ ಕೇಂದ್ರಗಳ ಸಂಖ್ಯೆ 800 ಎಂದು ಸಾಮಾನ್ಯವಾಗಿ ಉಲ್ಲೇಖವಾಗುತ್ತದೆ, ಜೊತೆಗೆ 'ಹೋಬಳಿಗೊಂದು' ಎಂಬ ವಿವರಣೆಯೂ ಇರುತ್ತದೆ. ಆಗ ರಾಜ್ಯದಲ್ಲಿದ್ದ ಹೋಬಳಿಗಳು 745ರ ಆಸುಪಾಸು. ಎರಡೂ ಹೇಳಿಕೆಗಳು ಒಟ್ಟಿಗೆ ಅಕ್ಷರಶಃ ನಿಜವಾಗಲಾರವು. ಕೆಲವು ಹೋಬಳಿಗಳಲ್ಲಿ ಒಂದಕ್ಕಿಂತ ಹೆಚ್ಚು ಕೇಂದ್ರಗಳಿದ್ದವೆಂದು ಊಹಿಸುವುದು ಸದ್ಯಕ್ಕೆ ಸಾಕು.

3. ತಾಲ್ಲೂಕು ಲೆಕ್ಕ

ಭೂಮಿ ಯೋಜನೆಯ ಬರಹಗಳಲ್ಲಿ ರಾಜ್ಯದ ತಾಲ್ಲೂಕುಗಳು 177, 2001ರ ಜನಗಣತಿಯಲ್ಲಿ 175. ಮೊದಲನೆಯದು ಬಹುಶಃ ಕಚೇರಿಗಳ ಎಣಿಕೆ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಸೇರಿಸಬಾರದು.

4. ಚನ್ನಗಿರಿ, ಹೊನ್ನಾಳಿ, ಜಗಳೂರು, ನ್ಯಾಮತಿ

ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಆದ್ದರಿಂದ ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಒಂದೇ ಸರ್ವೆ ನಂಬರಿನ 1997ಕ್ಕೂ ಹಿಂದಿನ ಪಹಣಿಯನ್ನು ಶಿವಮೊಗ್ಗ ಜಿಲ್ಲೆಯ ಹೆಸರಿನಲ್ಲಿ, ಗಣಕೀಕೃತ ಪಹಣಿಯನ್ನು ದಾವಣಗೆರೆಯ ಹೆಸರಿನಲ್ಲಿ ಹುಡುಕಬೇಕು. ಈ ವ್ಯತ್ಯಾಸಕ್ಕೂ ಹೊರಗುತ್ತಿಗೆಗೂ ಸಂಬಂಧವಿಲ್ಲ. ನ್ಯಾಮತಿಯದು ಇನ್ನೂ ಈಚಿನ ತೊಡಕು: 2017ರ ಮಾರ್ಚ್ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಅದಕ್ಕೂ ಮೊದಲು ಹೊನ್ನಾಳಿ ತಾಲ್ಲೂಕಿನಲ್ಲಿದ್ದುದರಿಂದ ಅಲ್ಲಿನ ನೆಮ್ಮದಿ ಕಾಲದ ಅರ್ಜಿಗಳು ಹೊನ್ನಾಳಿಯ ಲೆಕ್ಕಕ್ಕೇ ಸೇರುತ್ತವೆ. ಖಾಸಗಿ ಕೌಂಟರು ಮತ್ತು ನಾಡಕಚೇರಿಯ ಅವಧಿಗಳನ್ನು ಹೋಲಿಸುವವರು 2017ರ ನಂತರದ ಎರಡೂ ತಾಲ್ಲೂಕುಗಳ ಅಂಕಿಗಳನ್ನು ಕೂಡಿಸಿಕೊಳ್ಳಬೇಕು. ಇಲ್ಲವಾದರೆ ಹೊನ್ನಾಳಿಯಲ್ಲಿ ಬೇಡಿಕೆ ಕುಸಿದಂತೆ ಕಾಣುತ್ತದೆ.