ರಿಪೇರಿ ಆದ ಮೇಲೂ ಕಾರು ಹೀಟ್ ಆಗ್ತಿದೆಯೇ? ಎಂಜಿನ್ ಹೆಡ್ ಬಿಚ್ಚುವ ಮೊದಲು ನೋಡಬೇಕಾದ ವಿಷಯಗಳು

ರೇಡಿಯೇಟರ್ ಬದಲಾಯಿಸಿ ಆಯಿತು, ಹೊಸ ಕೂಲೆಂಟ್ ತುಂಬಿಸಿ ಆಯಿತು, ಬಿಲ್ಲೂ ಕಟ್ಟಿ ಆಯಿತು. ಆದರೆ ಗ್ಯಾರೇಜ್‌ನಿಂದ ಗಾಡಿ ತಂದ ಎರಡೇ ದಿನಕ್ಕೆ ಟೆಂಪರೇಚರ್ ಮುಳ್ಳು ಮತ್ತೆ ಮೇಲಕ್ಕೆ. ಕಾರು ಇರುವ ಎಷ್ಟೋ ಮನೆಗಳಲ್ಲಿ ಈ ತಲೆನೋವು ಒಮ್ಮೆಯಾದರೂ ಬಂದಿರುತ್ತದೆ.

ಇಂಥ ಸಮಯದಲ್ಲಿ ಎರಡು ಬಗೆಯ ಸಲಹೆ ಸಿಗುತ್ತದೆ. ಒಂದು, "ಏನೂ ಆಗ್ಲಿಕ್ಕಿಲ್ಲ, ಸ್ವಲ್ಪ ನೀರು ಹಾಕಿ ಓಡಿಸಿ." ಇನ್ನೊಂದು, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು." ಮೊದಲ ಮಾತು ಕೇಳಿದರೆ ಚೆನ್ನಾಗಿರುವ ಎಂಜಿನ್ ಹಾಳಾಗಬಹುದು. ಎರಡನೆಯದನ್ನು ಪರೀಕ್ಷೆ ಇಲ್ಲದೆ ಒಪ್ಪಿಕೊಂಡರೆ ಬೇಡದ ಕೆಲಸಕ್ಕೆ ದೊಡ್ಡ ಮೊತ್ತ ಖರ್ಚಾಗಬಹುದು. ಸರಿಯಾದ ದಾರಿ ಇವೆರಡರ ನಡುವೆ ಉಂಟು: ಗಾಡಿ ಓಡಿಸುವುದನ್ನು ನಿಲ್ಲಿಸಿ, ಕಡಿಮೆ ಖರ್ಚಿನ ಕಾರಣಗಳಿಂದ ಶುರು ಮಾಡಿ ಒಂದೊಂದಾಗಿ ನೋಡುತ್ತಾ ಹೋಗುವುದು.

ಕೂಲಿಂಗ್ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ?

ವಾಟರ್ ಪಂಪ್ ಕೂಲೆಂಟನ್ನು ಎಂಜಿನ್ ಒಳಗೆ ತಿರುಗಿಸುತ್ತದೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ, ಕೂಲೆಂಟ್ ರೇಡಿಯೇಟರ್‌ಗೆ ಹೋಗುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಶಾಖ ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಥರ್ಮೋಸ್ಟಾಟ್ ತೆರೆಯಲು ಶುರುವಾಗುತ್ತದೆ. ಆಗ ಬಿಸಿ ಕೂಲೆಂಟ್ ರೇಡಿಯೇಟರ್‌ಗೆ ಬಂದು, ಎದುರಿನ ಗಾಳಿ ಅಥವಾ ಫ್ಯಾನ್‌ನಿಂದ ತಣಿದು ವಾಪಸು ಹೋಗುತ್ತದೆ.

ಇದರಲ್ಲಿ ಮುಚ್ಚಳದ ಪಾತ್ರವೂ ದೊಡ್ಡದು. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ನೀರು, ಅರ್ಧ ಕೂಲೆಂಟ್ ಇರುವ ಮಿಶ್ರಣ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳವು ಒಳಗೆ ಒತ್ತಡ ಹಿಡಿದಿಟ್ಟಾಗ ಅದೇ ಮಿಶ್ರಣ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅಂದರೆ ರಬ್ಬರ್ ಸವೆದ ಹಳೆಯ ಮುಚ್ಚಳವೊಂದೇ ಸಾಕು, ಹೊಸ ರೇಡಿಯೇಟರ್ ಇದ್ದರೂ ಕೂಲೆಂಟ್ ಬೇಗ ಕುದಿದು ಹೊರಗೆ ಚೆಲ್ಲುತ್ತದೆ. ಮುಚ್ಚಳದ ಮೇಲೆ 0.9, 1.1 ಎಂಬಂಥ ಸಂಖ್ಯೆ ಇರುತ್ತದೆ. ಹೊಸತು ಹಾಕುವಾಗ ಕಂಪನಿ ಹೇಳಿದ ಸಂಖ್ಯೆಯದ್ದನ್ನೇ ಹಾಕಬೇಕು.

ಮೊದಲ ಅನುಮಾನ ಗಾಳಿಯ ಮೇಲೆ

ರಿಪೇರಿ ಆದ ಕೂಡಲೇ ಹೀಟ್ ಶುರುವಾದರೆ ಮೊದಲು ನೋಡಬೇಕಾದ್ದು ಏರ್ ಲಾಕ್. ಕೂಲೆಂಟ್ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸುವಾಗ ಒಳಗೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಆ ಗಾಳಿ ಹೆಡ್‌ನಲ್ಲಿ ಅಥವಾ ಹೀಟರ್ ಪೈಪಿನಲ್ಲಿ ಕೂತರೆ ಅಲ್ಲಿಗೆ ಕೂಲೆಂಟ್ ಮುಟ್ಟುವುದಿಲ್ಲ.

ಇದರ ಲಕ್ಷಣಗಳು ಸುಲಭ. ಮುಳ್ಳು ಒಮ್ಮೆಲೇ ಏರಿ, ಒಮ್ಮೆಲೇ ಇಳಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಶಬ್ದ ಕೇಳುತ್ತದೆ. ಎಂಜಿನ್ ಬಿಸಿ ಇದ್ದಾಗ ಹೀಟರ್ ಹಾಕಿದರೂ ತಣ್ಣನೆ ಗಾಳಿ ಬರುತ್ತದೆ. ಕರಾವಳಿಯಲ್ಲಿ ಹೀಟರ್ ಬಳಸುವವರು ಕಡಿಮೆ, ಆದರೆ ಈ ಪರೀಕ್ಷೆಗೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ. ಕೂಲೆಂಟ್ ಕಡಿಮೆ ಇದ್ದರೂ ಇದೇ ಲಕ್ಷಣ ಕಾಣುವುದರಿಂದ ಮಟ್ಟವನ್ನೂ ನೋಡಬೇಕು.

ಗಾಳಿ ತೆಗೆಯಲು ಎಂಜಿನ್ ಪೂರ್ತಿ ತಣ್ಣಗಿರಬೇಕು. ಕಾರಿನ ಮುಂಭಾಗ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಬೇಕು. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕೂಲೆಂಟ್ ನಿಧಾನ ತುಂಬಿಸಿ ಎಂಜಿನ್ ಸ್ಟಾರ್ಟ್ ಮಾಡಬೇಕು. ಗಾಳಿ ಬಿಡುವ ಸ್ಕ್ರೂ ಇರುವ ಕಾರಾದರೆ ಗುಳ್ಳೆ ನಿಂತು ಕೂಲೆಂಟ್ ಮಾತ್ರ ಬರುವ ತನಕ ಅದನ್ನು ತೆರೆದಿಡಬೇಕು. ಕೆಲವು ಕಾರುಗಳಿಗೆ ಕಂಪನಿಯೇ ಬೇರೆ ಕ್ರಮ ಹೇಳಿರುತ್ತದೆ, ಆಗ ಅದನ್ನೇ ಅನುಸರಿಸಬೇಕು. ಥರ್ಮೋಸ್ಟಾಟ್ ತೆರೆದು, ಫ್ಯಾನ್ ಒಂದೆರಡು ಸಲ ತಿರುಗಿ ನಿಂತ ಮೇಲೆ ಎಂಜಿನ್ ಆಫ್ ಮಾಡಿ, ತಣ್ಣಗಾದ ನಂತರ ಮತ್ತೆ ಮಟ್ಟ ನೋಡಿ ತುಂಬಿಸಬೇಕು.

ಯಾವಾಗ ಹೀಟ್ ಆಗುತ್ತದೆ ಎಂಬುದೇ ಅರ್ಧ ಉತ್ತರ

*ಟ್ರಾಫಿಕ್‌ನಲ್ಲಿ ಮಾತ್ರ, ಹೈವೇಯಲ್ಲಿ ಸರಿ:* ಅನುಮಾನ ಫ್ಯಾನ್ ಮೇಲೆ. ಓಡುವಾಗ ಎದುರುಗಾಳಿ ಸಾಕಾಗುತ್ತದೆ, ನಿಂತಾಗ ಫ್ಯಾನೇ ಬೇಕು. ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆಯೇ ನೋಡಬೇಕು. ರೇಡಿಯೇಟರ್ ಬಿಚ್ಚಿದವರು ಫ್ಯಾನ್ ಕನೆಕ್ಟರ್ ಹಾಕಲು ಮರೆತಿರಬಹುದು. ವೈರ್ ಉಲ್ಟಾ ಜೋಡಿಸಿದ್ದರೆ ಫ್ಯಾನ್ ತಿರುಗಿದರೂ ಗಾಳಿ ತಪ್ಪು ದಿಕ್ಕಿಗೆ ಹೋಗುತ್ತದೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ ವಾಪಸು ಹಾಕಿಲ್ಲದಿದ್ದರೂ ತೊಂದರೆಯೇ.

*ಹೈವೇಯಲ್ಲಿ ಅಥವಾ ಘಾಟಿ ಹತ್ತುವಾಗ, ನಿಂತಾಗ ಸರಿ:* ಅನುಮಾನ ಕೂಲೆಂಟ್ ಹರಿವಿನ ಮೇಲೆ. ತಲಪಾಡಿಯಿಂದ ಮಂಗಳೂರಿಗೆ ಆರಾಮವಾಗಿ ಹೋಗುವ ಗಾಡಿ ಶಿರಾಡಿಯಲ್ಲೋ ಸಂಪಾಜೆಯಲ್ಲೋ ಹೀಟ್ ಆದರೆ ಇದನ್ನು ನೋಡಬೇಕು. ರೇಡಿಯೇಟರ್ ಒಳಗೆ ಬ್ಲಾಕ್, ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್, ವೇಗದಲ್ಲಿ ಒಳಕ್ಕೆ ಕುಗ್ಗುವ ಕೆಳಗಿನ ಹೋಸ್, ಸಡಿಲ ಬೆಲ್ಟ್, ಸವೆದ ಪಂಪ್ ಇದಕ್ಕೆ ಕಾರಣಗಳು. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಧೂಳು, ಎಲೆ ತುಂಬಿದ್ದರೂ ಹೀಗಾಗುತ್ತದೆ.

*ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ:* ಥರ್ಮೋಸ್ಟಾಟ್ ತೆರೆಯುತ್ತಿಲ್ಲ, ಪಂಪ್ ತಿರುಗುತ್ತಿಲ್ಲ, ದೊಡ್ಡ ಏರ್ ಲಾಕ್ ಉಂಟು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಮುಳ್ಳು ಏರಿದರೂ ಎಂಜಿನ್‌ನಲ್ಲಿ ಬಿಸಿಯ ಯಾವ ಗುರುತೂ ಇಲ್ಲದಿದ್ದರೆ ಸೆನ್ಸರ್ ಅಥವಾ ಅದರ ವೈರ್ ನೋಡಬೇಕು. ಸ್ಕ್ಯಾನರ್ ಜೋಡಿಸಿದರೆ ಎಂಜಿನ್ ಕಂಪ್ಯೂಟರ್ ಓದುವ ಶಾಖ ಡಿಗ್ರಿಯಲ್ಲೇ ಕಾಣುತ್ತದೆ. ಅದನ್ನು ಲೇಸರ್ ಥರ್ಮಾಮೀಟರ್‌ನ ಅಳತೆಯೊಂದಿಗೆ ಹೋಲಿಸಬಹುದು.

ಥರ್ಮೋಸ್ಟಾಟ್ ತೆಗೆದುಬಿಟ್ಟರೆ?

"ನಮ್ಮ ಊರು ಬಿಸಿಯ ಊರು, ಥರ್ಮೋಸ್ಟಾಟ್ ಬೇಡ" ಎಂದು ಅದನ್ನು ತೆಗೆದೇ ಬಿಡುವವರಿದ್ದಾರೆ. ಇದು ತಪ್ಪು. ಎಂಜಿನ್ ಬೇಕಾದ ಶಾಖಕ್ಕೆ ಬರಲು ತಡವಾಗಿ ಇಂಧನ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಬೈಪಾಸ್ ದಾರಿ ಸದಾ ತೆರೆದಿದ್ದು, ಒಂದಿಷ್ಟು ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಅಲ್ಲೇ ಸುತ್ತುತ್ತದೆ. ಹೀಟ್ ತಪ್ಪಿಸಲು ಮಾಡಿದ ಕೆಲಸದಿಂದಲೇ ಹೀಟ್ ಬರಬಹುದು.

ಹೊಸ ಥರ್ಮೋಸ್ಟಾಟನ್ನು ತಿರುವುಮುರುವಾಗಿ ಕೂರಿಸಿದ್ದರೂ ಅದು ಸರಿಯಾಗಿ ತೆರೆಯದು. ಪರೀಕ್ಷೆ ಸುಲಭ: ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ತೂಗುಬಿಟ್ಟು ಕಾಯಿಸಿದರೆ ನೀರು ಕುದಿಯುವ ಮೊದಲೇ ಅದು ತೆರೆಯುವುದು ಕಾಣಬೇಕು.

ಹೆಡ್ ಗ್ಯಾಸ್ಕೆಟ್ ಹೋಗಿದೆಯೇ? ಪರೀಕ್ಷೆ ಮೊದಲು, ಬಿಚ್ಚುವುದು ನಂತರ

ಹಿಂದೊಮ್ಮೆ ಗಾಡಿ ವಿಪರೀತ ಹೀಟ್ ಆಗಿತ್ತು ಎಂದಾದರೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ನಿಜವಾಗಿಯೂ ಉಂಟು. ಇದರ ಗುರುತುಗಳು: ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುವುದು, ಗಾಳಿ ತೆಗೆದ ಮೇಲೂ ಗುಳ್ಳೆ ನಿಲ್ಲದೆ ಬರುವುದು, ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುವುದು.

ಮಳೆಗಾಲದಲ್ಲಿ ಹತ್ತಿರದ ಓಡಾಟವೇ ಹೆಚ್ಚಿದ್ದರೆ ತೇವಾಂಶದಿಂದ ಆಯಿಲ್ ಮುಚ್ಚಳದ ಅಡಿಯಲ್ಲಿ ಸ್ವಲ್ಪ ಕೆನೆ ಕಟ್ಟುವುದುಂಟು. ಅಷ್ಟನ್ನೇ ನೋಡಿ ಗ್ಯಾಸ್ಕೆಟ್ ಹೋಯಿತು ಎನ್ನಬಾರದು. ಡಿಪ್‌ಸ್ಟಿಕ್ ಎಳೆದು ಅಲ್ಲಿನ ಆಯಿಲನ್ನೂ ನೋಡಬೇಕು.

ಖಚಿತಪಡಿಸಲು ಮೂರು ಪರೀಕ್ಷೆಗಳಿವೆ. ಒಂದು, ನೀಲಿ ದ್ರವದ ಪರೀಕ್ಷೆ: ರೇಡಿಯೇಟರ್ ಬಾಯಿಯ ಗಾಳಿಯನ್ನು ಈ ದ್ರವದ ಮೂಲಕ ಹಾಯಿಸಿದಾಗ ಅದರಲ್ಲಿ ಎಂಜಿನ್ ಹೊಗೆಯ ಅನಿಲ ಇದ್ದರೆ ದ್ರವದ ಬಣ್ಣ ಬದಲಾಗುತ್ತದೆ. ಎರಡು, ಪ್ರೆಶರ್ ಪರೀಕ್ಷೆ: ತಣ್ಣನೆ ಎಂಜಿನ್‌ಗೆ ಕೈಪಂಪಿನಿಂದ ಒತ್ತಡ ಕೊಟ್ಟು ಅದು ಇಳಿಯುತ್ತದೆಯೇ ನೋಡುವುದು. ಮೂರು, ಸಿಲಿಂಡರ್‌ಗಳ ಕಂಪ್ರೆಶನ್ ಅಳೆಯುವುದು. ಹೆಡ್ ಬಿಚ್ಚುವ ಖರ್ಚಿನ ಮುಂದೆ ಇವುಗಳ ಖರ್ಚು ಅಲ್ಪ.

ಹೆಡ್ ಬಿಚ್ಚಲೇಬೇಕಾಗಿ ಬಂದರೆ ಅದರ ಮೇಲ್ಮೈ ಬಾಗಿದೆಯೇ ಅಳೆಯಬೇಕು. ಹಲವು ಸಣ್ಣ ಎಂಜಿನ್‌ಗಳಲ್ಲಿ ಒಪ್ಪಬಹುದಾದ ಬಾಗು 0.05 ಮಿಲಿಮೀಟರ್ ಮಾತ್ರ. ಗ್ಯಾಸ್ಕೆಟ್ ಉಲ್ಟಾ ಕೂರಿಸಿದರೆ ಕೂಲೆಂಟ್ ರಂಧ್ರಗಳೇ ಮುಚ್ಚಿಹೋಗುತ್ತವೆ. ಬೋಲ್ಟ್‌ಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಕೆಲವು ಎಂಜಿನ್‌ಗಳಲ್ಲಿ ಹಳೆಯ ಬೋಲ್ಟ್ ಮತ್ತೆ ಬಳಸುವಂತಿಲ್ಲ.

ಬಾವಿ ನೀರು, ಅರಶಿನ ಪುಡಿ, ಲೀಕ್ ಸೀಲರ್

ಸಮುದ್ರದ ಬದಿಯ ಬಾವಿಗಳಲ್ಲಿ ಉಪ್ಪಿನ ಅಂಶ ಇರಬಹುದು. ಆ ನೀರು ಅಲ್ಯೂಮಿನಿಯಂ ರೇಡಿಯೇಟರನ್ನೂ ಪಂಪನ್ನೂ ತಿನ್ನುತ್ತದೆ. ಕೂಲೆಂಟ್ ಬೆರೆಸಲು ಡಿಸ್ಟಿಲ್ಡ್ ವಾಟರ್ ಬಳಸಬೇಕು, ಇಲ್ಲವೇ ನೇರ ಹಾಕುವ ರೆಡಿ ಮಿಕ್ಸ್ ತರಬೇಕು. ಸೋರಿಕೆ ನಿಲ್ಲಿಸಲು ಅರಶಿನ ಪುಡಿ ಹಾಕುವುದು ಹಳೆಯ ಉಪಾಯ. ಅದೂ, ಲೀಕ್ ಸೀಲರ್‌ಗಳೂ ಸೋರುವ ತೂತಿನ ಜೊತೆಗೆ ರೇಡಿಯೇಟರ್ ಮತ್ತು ಹೀಟರ್‌ನ ಸಣ್ಣ ನಾಳಗಳನ್ನೂ ಮುಚ್ಚಬಲ್ಲವು. ಮೊದಲು ಇಂಥದ್ದು ಹಾಕಿದ್ದರೆ ಮೆಕ್ಯಾನಿಕ್‌ಗೆ ಮುಚ್ಚಿಡದೆ ಹೇಳಬೇಕು.

ದಾರಿಯಲ್ಲಿ ಹೀಟ್ ಆದರೆ

ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಕನಿಷ್ಠ ಅರ್ಧ ಗಂಟೆ ಕಾಯಬೇಕು. ಬಿಸಿ ಇರುವಾಗ ಮುಚ್ಚಳ ತೆರೆಯಲೇಬಾರದು. ಒತ್ತಡ ತಪ್ಪಿದ ಕ್ಷಣದಲ್ಲೇ ಕೂಲೆಂಟ್ ಕುದಿದು ಮುಖ, ಕೈಗೆ ಚಿಮ್ಮುತ್ತದೆ. ಬಟ್ಟೆ ಸುತ್ತಿ ತೆರೆದರೂ ಸುಟ್ಟ ಗಾಯ ಖಂಡಿತ ತಪ್ಪುತ್ತದೆ ಎಂದಿಲ್ಲ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ತಣಿದ ಮೇಲೂ ಕಾರಣ ಗೊತ್ತಾಗದಿದ್ದರೆ ಗಾಡಿಯನ್ನು ಟೋ ಮಾಡಿಸುವುದೇ ಲಾಭ.

ಗಲ್ಫ್‌ನಲ್ಲಿ ದುಡಿಯುವವರ ಮನೆಗಳಲ್ಲಿ ಕಾರು ತಿಂಗಳುಗಟ್ಟಲೆ ನಿಂತಿರುತ್ತದೆ, ಇಲ್ಲವೇ ಊರಲ್ಲಿರುವ ಹೆಂಡತಿ, ಮಕ್ಕಳು, ತಮ್ಮಂದಿರು ಓಡಿಸುತ್ತಾರೆ. ಈಗಿನ ಹಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ಬರೀ ದೀಪ. ನೀಲಿ ದೀಪ ಎಂದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದರ್ಥ. ಕೆಂಪು ಎಂದರೆ ಕೂಡಲೇ ನಿಲ್ಲಿಸಿ ಎಂದರ್ಥ. "ಮನೆ ಹತ್ತಿರವೇ ಉಂಟಲ್ಲ" ಎಂದು ಎರಡು ಕಿಲೋಮೀಟರ್ ಓಡಿಸಿದರೂ ಹೆಡ್ ಬಾಗಬಹುದು. ಕಾರು ಓಡಿಸುವ ಮನೆಯ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು.

ಗ್ಯಾರೇಜ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು

- ಯಾವ್ಯಾವ ಭಾಗ ಬಿಚ್ಚಿದ್ದು, ಯಾವುದು ಹೊಸತು, ಯಾವುದು ಹಳೆಯದೇ?
- ಗಾಳಿ ತೆಗೆದಿದ್ದೀರಾ? ಫ್ಯಾನ್ ತಾನಾಗಿ ಆನ್ ಆಗುವ ತನಕ ಓಡಿಸಿ ನೋಡಿದ್ದೀರಾ?
- ಥರ್ಮೋಸ್ಟಾಟ್ ಉಂಟಾ, ತೆಗೆದಿದ್ದೀರಾ?
- ಗ್ಯಾಸ್ಕೆಟ್ ಹೋಗಿದೆ ಎಂದರೆ ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು?

ಹಳೆಯ ಭಾಗಗಳನ್ನು ಕೇಳಿ ಪಡೆಯುವುದು, ಬಿಲ್ಲಿನ ಫೋಟೋ ಇಟ್ಟುಕೊಳ್ಳುವುದು ಒಳ್ಳೆಯದು. ರಿಪೇರಿ ಆದ ಮೊದಲ ವಾರ ದಿನಾ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು ಕೂಲೆಂಟ್ ಮಟ್ಟ ನೋಡಬೇಕು. ಒಮ್ಮೆ ಸ್ವಲ್ಪ ಇಳಿದು ನಿಂತರೆ ಉಳಿದಿದ್ದ ಗಾಳಿ ಹೊರಗೆ ಹೋಯಿತು ಎಂದರ್ಥ. ದಿನಾ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಅಥವಾ ಎಂಜಿನ್ ಅದನ್ನು ಕುಡಿಯುತ್ತಿದೆ. ಆಗ ದೂರದ ಪ್ರಯಾಣ ಹೊರಡುವ ಮೊದಲೇ ಗಾಡಿ ಮತ್ತೆ ಗ್ಯಾರೇಜಿಗೆ ಹೋಗಬೇಕು.